ಓಡಿದ್ದು ನಾನು, ಲೆಕ್ಕ ಯಾರದ್ದು?

ಬ್ಲಾಗ್ ಕಡೆ ತಲೆ ಹಾಕದೆ ಬಹಳ ದಿನ ಆಯ್ತು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೆ :) ಆದ್ರೆ ಈ ವಿಷಯ ಮಾತ್ರ ಹೊಟ್ಟೆಯಲ್ಲಿ ಇಟ್ಟುಕೊಂಡು ಕೂರೋಕೆ ಆಗ್ತಿಲ್ಲ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನಮ್ಮೂರು ಕುರೆಕುಪ್ಪ, ಸಂಡೂರು ತಾಲ್ಲೂಕು. "ಎಲ್ಲಿ ಬರುತ್ತೆ?" ಅಂದವರಿಗೆ "ತೋರಣಗಲ್ಲು ಪಕ್ಕ" ಅಂದ್ರೆ ಗೊತ್ತಾಗುತ್ತೆ. ಇಲ್ಲಿ ಓಡಬೇಕು, ಸೈಕಲ್ ತುಳಿಯಬೇಕು ಅಂದ್ರೆ ಬೆಳಗಿನ ಜಾವ ಐದಕ್ಕೇ ಎದ್ದುಬಿಡಬೇಕು. ಹೊತ್ತೇರಿದ ಮೇಲೆ ರಸ್ತೆ ತುಂಬಾ ಲಾರಿ, ಕೆಂಪು ಧೂಳು. ಏಪ್ರಿಲ್ ಬಂತಂದ್ರೆ ಬಳ್ಳಾರಿ ಬಿಸಿಲು ಬೇರೆ, ಅದನ್ನ ನಿಮಗೆ ವರ್ಣಿಸಬೇಕಿಲ್ಲ. ಇಷ್ಟರಲ್ಲೂ ಓಡುವ ಹುಡುಗರಿದ್ದಾರೆ. ಕೆಲವರಿಗೆ ಪೊಲೀಸ್ ಭರ್ತಿಯ 1600 ಮೀಟರ್ ಓಟ ಪಾಸಾಗಬೇಕು, ಕೆಲವರಿಗೆ ಜಿಲ್ಲಾ ಮಟ್ಟದ ಕ್ರೀಡಾಕೂಟ. ಇನ್ನು ನನ್ನಂಥ ನಡುವಯಸ್ಸಿನವರು ಹೊಟ್ಟೆ ಕರಗಿಸೋಕೆ.

ನನ್ನ ನಾಲ್ಕು ವರ್ಷದ ಓಟದ ಲೆಕ್ಕ ಒಂದು ಆ್ಯಪ್‌ನಲ್ಲಿತ್ತು. ಹೆಸರು ಬೇಡ ಬಿಡಿ. ಒಂದಿನ ಅವರು ಅಂಗಡಿ ಮುಚ್ಚಿದ್ರು. ಡೌನ್‌ಲೋಡ್ ಮಾಡ್ಕೊಳ್ಳೋಕೆ ಗಡುವು ಕೊಟ್ಟು ಮೇಲ್ ಕಳಿಸಿದ್ರಂತೆ, ನಾನು ನೋಡಲಿಲ್ಲ. ತಪ್ಪು ನಂದೂ ಇದೆ. ಆದ್ರೆ ಹೈಸ್ಕೂಲಿನಲ್ಲಿ ನಮ್ಮ ಪಿಟಿ ಮೇಷ್ಟ್ರು ಹಟ ಹಿಡಿದು ಬರೆಸುತ್ತಿದ್ದ ನೋಟ್‌ಬುಕ್ ಇನ್ನೂ ಅಟ್ಟದ ಮೇಲಿದೆ. ಎಷ್ಟು ಸುತ್ತು, ಎಷ್ಟು ನಿಮಿಷ, ಓಡಿದ ಮೇಲೆ ನಾಡಿ ಎಷ್ಟು. ಆ ನೋಟ್‌ಬುಕ್ಕನ್ನು ನಾನು ಯಾರಿಗೆ ಬೇಕಾದ್ರೂ ತೋರಿಸಬಹುದಿತ್ತು. ಬೇರೆ ಸ್ಕೂಲಿನ ಮೇಷ್ಟ್ರಿಗೂ ತೋರಿಸಿದ್ದೀನಿ. ನೋಟ್‌ಬುಕ್ ಮಾಡಿದ ಕಂಪನಿಯವರು ಬಂದು "ಇದನ್ನ ನೀನು ಮಾತ್ರ ನೋಡಬೇಕು, ನಿಮ್ಮ ಮೇಷ್ಟ್ರು ನೋಡೋ ಹಾಗಿಲ್ಲ" ಅಂತ ಯಾವತ್ತೂ ಹೇಳಲಿಲ್ಲ.

ಈಗ ಹೇಳ್ತಿದ್ದಾರೆ. ನನ್ನ ಜಗಳ ಇರೋದು ಅಲ್ಲೇ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಸ್ಟ್ರಾವಾ ಅಂತ ಒಂದು ಆ್ಯಪ್ ಇದೆ, 2009ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದು. ಓಡೋರ, ಸೈಕಲ್ ತುಳಿಯೋರ ಫೇಸ್‌ಬುಕ್ ಅನ್ನಿ. ಫೋನಿನಲ್ಲೇ ರೆಕಾರ್ಡ್ ಮಾಡಬಹುದು, ಇಲ್ಲವೇ ಗಾರ್ಮಿನ್‌ನಂಥ ವಾಚ್ ಇದ್ರೆ ಅದರಿಂದ ತಾನೇ ಬಂದು ಸೇರುತ್ತೆ. ಸೇರಿದ್ದನ್ನ ಬೇರೆ ಆ್ಯಪ್‌ಗಳು ತಗೊಳ್ಳೋಕೆ ಎಪಿಐ ಅಂತ ಒಂದು ಕಿಟಕಿ ಇಟ್ಟಿದ್ದಾರೆ. ನೀವು "ಒಪ್ಪಿಗೆ" ಅಂತ ಬಟನ್ ಒತ್ತಿದ್ರೆ, ನಿಮ್ಮ ಓಟದ ವಿವರ ಆ ಕಿಟಕಿಯಿಂದ ಇನ್ನೊಂದು ಆ್ಯಪ್‌ಗೆ ಹೋಗುತ್ತೆ. ಈ ಕಿಟಕಿ ನಂಬಿಕೊಂಡು ಎಷ್ಟೋ ಒಳ್ಳೊಳ್ಳೆ ತರಬೇತಿ ಸಾಧನಗಳು ಹುಟ್ಟಿದವು. ಇಂಟರ್ವಲ್ಸ್ ಡಾಟ್ ಐಸಿಯು ಅಂತ ಒಂದಿದೆ. ದೊಡ್ಡ ಕಂಪನಿಯ ಬೆಂಬಲವಿಲ್ಲದೆ ಬೆಳೆದದ್ದು, ದುಡ್ಡು ಕೊಡದೆಯೂ ಬಳಸಬಹುದು.

2024ರ ನವೆಂಬರ್‌ನಲ್ಲಿ ಸ್ಟ್ರಾವಾ ಈ ಕಿಟಕಿಯ ಕರಾರು ಬದಲಾಯಿಸಿತು. ಮುಖ್ಯವಾಗಿ ಎರಡು ಮಾತು. ಒಂದು, ಹೊರಗಿನ ಆ್ಯಪ್ ಒಬ್ಬರ ಡೇಟಾವನ್ನು ಆ ಒಬ್ಬರಿಗೆ ಮಾತ್ರ ತೋರಿಸಬೇಕು, ಬೇರೆ ಯಾರಿಗೂ ತೋರಿಸುವಂತಿಲ್ಲ. ಎರಡು, ಆ ಡೇಟಾವನ್ನ ಎಐ ಮಾದರಿಗಳಿಗೆ ಬಳಸುವಂತಿಲ್ಲ. ಇದಕ್ಕೆ ಹೊಂದಿಕೊಳ್ಳೋಕೆ ಆ್ಯಪ್ ಬರೆದವರಿಗೆ ಕೊಟ್ಟ ಸಮಯ 30 ದಿನ.

"ಬೇರೆ ಯಾರಿಗೂ" ಅಂದ್ರೆ ಯಾರು ಸ್ವಾಮೀ? ನಾನೇ ಆರಿಸಿಕೊಂಡ ಕೋಚ್. ನಾನೇ "ಇವರಿಗೆ ತೋರಿಸು" ಅಂತ ಒಪ್ಪಿಗೆ ಕೊಟ್ಟ ಕೋಚ್!

ಗಲಾಟೆ ಎದ್ದ ಮೇಲೆ ಸ್ಟ್ರಾವಾ ಸಮಜಾಯಿಷಿ ಕೊಟ್ಟಿತು. ಇದರಿಂದ ತೊಂದರೆ ಆಗೋದು ಶೇ. 0.1ಕ್ಕಿಂತ ಕಡಿಮೆ ಆ್ಯಪ್‌ಗಳಿಗೆ, ಬಳಕೆದಾರರಿಗೆ ಸಲಹೆ ಕೊಡುವ ಕೋಚಿಂಗ್ ವೇದಿಕೆಗಳಿಗೆ ಅವಕಾಶ ಮುಂದುವರಿಯುತ್ತೆ ಅಂತ. ಸಂತೋಷ. ಆದ್ರೆ ಆ ಶೇ. 0.1 ಆ್ಯಪ್‌ಗಳ ಲೆಕ್ಕ, ಜನರ ಲೆಕ್ಕವಲ್ಲ. ಸಾವಿರ ಗೂಡಂಗಡಿ ಬಿಟ್ಟು ಊರಿಗಿರೋ ಒಂದೇ ಆಸ್ಪತ್ರೆ ಮುಚ್ಚಿದ್ರೂ ಶೇ. 0.1 ಆಗುತ್ತೆ! ಇನ್ನು ಅವಕಾಶದ ಮಾತು. ಕರಾರಿನ ಸಾಲು ಒಂದು ಹೇಳಿ, ಸಮಜಾಯಿಷಿ ಇನ್ನೊಂದು ಹೇಳಿದ್ರೆ, ಚಿಕ್ಕ ಆ್ಯಪ್ ಬರೆಯುವವನು ಯಾವುದನ್ನ ನಂಬಬೇಕು? ಕೋರ್ಟಿಗೆ ಹೋಗೋ ತಾಕತ್ತು ಇಲ್ಲದವನು ಕರಾರನ್ನೇ ನಂಬಿ ಬಾಗಿಲು ಹಾಕ್ತಾನೆ.

"ಹೋಗಲಿ ಬಿಡಿ, ಓಡಿ ಬಂದ ಫೋಟೋ ಹಾಕ್ಕೊಳ್ಳೋರ ಜಗಳ ಇದು" ಅಂತ ಕೆಲವರಿಗೆ ಅನ್ನಿಸಬಹುದು. ಹಾಗಲ್ಲ. ಕೋಚ್ ಆದವರು ಈ ಲೆಕ್ಕದಲ್ಲಿ ಏನು ನೋಡ್ತಾರೆ ಅಂತ ಹೇಳ್ತೀನಿ ಕೇಳಿ.

ಪ್ರತಿ ದಿನದ ಅಭ್ಯಾಸಕ್ಕೆ ಒಂದು ಅಂಕಿ ಬರುತ್ತೆ. ಎಷ್ಟು ಹೊತ್ತು ಮಾಡಿದ್ರಿ, ಎಷ್ಟು ಜೋರಾಗಿ ಮಾಡಿದ್ರಿ ಅನ್ನೋದನ್ನ ಸೇರಿಸಿ ಬರೋ ಅಂಕಿ. ಜೋರು ಎಷ್ಟು ಅನ್ನೋದು ಎದೆಬಡಿತದಿಂದಲೋ, ವೇಗದಿಂದಲೋ, ಸೈಕಲ್ ಆದ್ರೆ ಪವರ್ ಮೀಟರ್‌ನಿಂದಲೋ ಗೊತ್ತಾಗುತ್ತೆ. ಸಾಮಾನ್ಯವಾಗಿ 42 ದಿನದ ಸರಾಸರಿಯನ್ನ ಕಸುವು ಅಂತಲೂ, 7 ದಿನದ ಸರಾಸರಿಯನ್ನ ದಣಿವು ಅಂತಲೂ ಇಟ್ಟುಕೊಳ್ತಾರೆ. ದಣಿವು ಕಸುವಿಗಿಂತ ಬಹಳ ಮೇಲೆ ಹೋಯ್ತು ಅಂದ್ರೆ ಹುಡುಗ ಮೈ ಮೀರಿ ದುಡೀತಿದ್ದಾನೆ ಅಂತ ಲೆಕ್ಕ. ಎರಡು ವಾರ ಬಿಟ್ಟು ಕಾಲಿನ ಮೂಳೆಯಲ್ಲಿ ಕೂದಲೆಳೆ ಬಿರುಕು, ಮೊಣಕಾಲು ನೋವು ಅಂತ ಕುಂಟಿಕೊಂಡು ಬರೋನು ಅವನೇ. ಒಳ್ಳೆ ಕೋಚ್ ಆ ಗೆರೆ ನೋಡಿದ ದಿನವೇ ಫೋನ್ ಮಾಡ್ತಾರೆ: "ಲೇ, ನಾಳೆ ಓಡಬೇಡ, ಮಲಗು." ಈ ಒಂದು ಫೋನ್ ಕಾಲ್ ಸಲುವಾಗಿ ಇಷ್ಟು ಉದ್ದದ ಬರಹ.

ನಮ್ಮೂರ ಪಕ್ಕದಲ್ಲೇ, ಜಿಂದಾಲ್ ವಿಜಯನಗರ ಕ್ಯಾಂಪಸ್ಸಿನಲ್ಲಿ, 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಜಾವೆಲಿನ್‌ನ ನೀರಜ್ ಚೋಪ್ರಾ ಅಭ್ಯಾಸ ಮಾಡಿದ ಜಾಗ. ಅಲ್ಲಿಗೆ ಆಯ್ಕೆಯಾದವರಿಗೆ ಕೋಚ್, ಫಿಸಿಯೋ, ಕ್ರೀಡಾ ವಿಜ್ಞಾನದ ತಜ್ಞರು ಎಲ್ಲ ಇದ್ದಾರೆ. ಇರಲೇಬೇಕು, ಇರೋದು ನಮಗೂ ಹೆಮ್ಮೆ. ಅಲ್ಲಿನ ಕ್ರೀಡಾಪಟು ಸುಸ್ತಾದ್ರೆ ಕಣ್ಣಲ್ಲೇ ನೋಡಿ ಹೇಳೋರು ಪಕ್ಕದಲ್ಲೇ ಇರ್ತಾರೆ.

ಕಾಂಪೌಂಡಿನ ಹೊರಗಿರೋ ಹುಡುಗನದು? ಒಬ್ಬ ಹುಡುಗ ಅಂತ ಇಟ್ಕೊಳ್ಳಿ. ಸೆಕೆಂಡ್ ಹ್ಯಾಂಡ್ ಸೈಕಲ್. ಹತ್ತು ಸಾವಿರದ ಫೋನು. ಸೈಕ್ಲಿಂಗ್ ಗೊತ್ತಿರೋ ಗುರು ಬೇಕಂದ್ರೆ ವಿಜಯಪುರ, ಬಾಗಲಕೋಟೆ ಕಡೆ ನೋಡಬೇಕು, ನಮ್ಮ ಕಡೆ ಎಲ್ಲಿ ಸಿಗ್ತಾರೆ? ಪುಣ್ಯಕ್ಕೆ ಒಬ್ಬರು "ಆಯ್ತಪ್ಪ, ದಿನಾ ನಿನ್ನ ಲೆಕ್ಕ ನೋಡ್ತೀನಿ" ಅಂತ ಒಪ್ಪಿಕೊಂಡ್ರು ಅನ್ನಿ. ಇವನಿಗೂ ಅವರಿಗೂ ನಡುವೆ ಇರೋದು ಒಂದು ಫೋನು, ಒಂದು ಆ್ಯಪ್, ಒಂದು ಕಿಟಕಿ. ಅಷ್ಟೆ.

ಈಗ ಗಮನಿಸಿ. ಮೂವತ್ತು-ನಲವತ್ತು ಸಾವಿರದ ವಾಚ್ ಇದ್ದವನಿಗೆ ಈ ಕರಾರಿನಿಂದ ಹೆಚ್ಚೇನೂ ಆಗಲ್ಲ. ಅವನು ಸ್ಟ್ರಾವಾ ಬಿಟ್ಟು, ವಾಚ್ ಕಂಪನಿಯಿಂದ ನೇರವಾಗಿ ತರಬೇತಿ ಆ್ಯಪ್‌ಗೆ ಸಂಪರ್ಕ ಕೊಟ್ಟುಬಿಡ್ತಾನೆ. ಕರಾರು ಬದಲಾದಾಗ ಬಹಳ ಜನ ಮಾಡಿದ್ದೂ ಅದನ್ನೇ. ವಾಚ್ ಇಲ್ಲದೆ ಫೋನಿನಲ್ಲೇ ಸ್ಟ್ರಾವಾ ಆನ್ ಮಾಡಿ ಓಡೋನ ಲೆಕ್ಕ ಮಾತ್ರ ಸ್ಟ್ರಾವಾದಲ್ಲಿ ಬಿಟ್ಟು ಬೇರೆಲ್ಲೂ ಇರಲ್ಲ. ಅವನಿಗೆ ಇದ್ದದ್ದು ಅದೊಂದೇ ಕಿಟಕಿ. "ಗೌಪ್ಯತೆ" ಅನ್ನೋ ಹೆಸರಲ್ಲಿ ತಂದ ನಿಯಮ ಬಡವನ ಕಾಲಿಗೇ ತೊಡರಿಕೊಂಡಿತು. ನನಗೆ ಸಿಟ್ಟು ಬರೋದು ಇದಕ್ಕೆ.

"ಕೋಚ್ ಆ ಆ್ಯಪ್‌ನಲ್ಲೇ ಫಾಲೋ ಮಾಡಿದ್ರಾಯ್ತಲ್ಲ?" ಅಂತ ಕೇಳಬಹುದು. ಮಾಡಬಹುದು. ಎಷ್ಟು ಕಿ.ಮೀ., ಎಷ್ಟು ಹೊತ್ತು ಅಂತ ಕಾಣುತ್ತೆ, ಒಂದು ಲೈಕೂ ಒತ್ತಬಹುದು. ಆದ್ರೆ ಮೇಲೆ ಹೇಳಿದ ಕಸುವು-ದಣಿವಿನ ಗೆರೆ ಸ್ಟ್ರಾವಾದಲ್ಲಿ ಚಂದಾ ಕಟ್ಟಿದವರಿಗೆ ಮಾತ್ರ. ಇಪ್ಪತ್ತು ಹುಡುಗರನ್ನ ಬಿಟ್ಟಿಯಾಗಿ ನೋಡಿಕೊಳ್ಳೋ ಗುರುವಿಗೆ ಬೇಕಾದ್ದು ಇಪ್ಪತ್ತೂ ಜನರ ಗೆರೆ ಒಂದೇ ಪುಟದಲ್ಲಿ. ಅದನ್ನ ಕೊಡ್ತಿದ್ದದ್ದು ಹೊರಗಿನ ಸಾಧನಗಳು.

ಇನ್ನು ಗೌಪ್ಯತೆಯ ವಾದಕ್ಕೆ ಬರೋಣ. ಆ ಭಯ ಸುಳ್ಳು ಅಂತ ನಾನು ಹೇಳ್ತಿಲ್ಲ. 2018ರ ಜನವರಿಯಲ್ಲಿ, ಸ್ಟ್ರಾವಾ ಪ್ರಕಟಿಸಿದ್ದ ಜಗತ್ತಿನ ಹೀಟ್‌ಮ್ಯಾಪ್‌ನಲ್ಲಿ ಮರುಭೂಮಿಯ ಮಧ್ಯೆ ಇದ್ದ ಸೈನಿಕ ನೆಲೆಗಳು ಬೆಳಗಿ ಕಂಡವು, ಯಾಕಂದ್ರೆ ಸೈನಿಕರು ಆ್ಯಪ್ ಆನ್ ಮಾಡಿಕೊಂಡೇ ಬೇಲಿ ಸುತ್ತ ಓಡಿದ್ರು. 2024ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ಲ ಮೊಂದ್ ಪತ್ರಿಕೆ, ದೇಶದ ಅಧ್ಯಕ್ಷರ ಅಂಗರಕ್ಷಕರ ಓಟ ಹಿಡಿದೇ ಅಧ್ಯಕ್ಷರು ಎಲ್ಲಿ ಇಳಿದುಕೊಳ್ತಾರೆ ಅಂತ ಕಂಡುಹಿಡಿಯಬಹುದು ಅನ್ನೋದನ್ನ ತೋರಿಸಿತು. ಒಂಟಿಯಾಗಿ ಓಡೋ ಹೆಣ್ಣುಮಕ್ಕಳಿಗಂತೂ, ಮನೆ ಯಾವುದು, ಎಷ್ಟು ಹೊತ್ತಿಗೆ ಹೊರಡ್ತಾರೆ ಅನ್ನೋದು ಕಂಡೋರಿಗೆಲ್ಲ ಗೊತ್ತಾಗೋದು ತಮಾಷೆಯ ವಿಷಯ ಅಲ್ಲವೇ ಅಲ್ಲ.

ಆದ್ರೆ ಈ ಎರಡು ಪ್ರಕರಣಗಳಲ್ಲಿ ಯಾವುದಾದ್ರೂ ಕೋಚಿನ ಕಡೆಯಿಂದ ಸೋರಿದ್ದಾ? ಮೊದಲನೆಯದು ಕಂಪನಿಯೇ ಮಾಡಿ ಹಂಚಿದ ನಕ್ಷೆ. ಎರಡನೆಯದು ಎಲ್ಲರಿಗೂ ಕಾಣುವಂತೆ ತೆರೆದಿಟ್ಟಿದ್ದ ಪ್ರೊಫೈಲುಗಳು. ಊರಿಗೆಲ್ಲ ಕಾಣೋ ಹೆಬ್ಬಾಗಿಲು ತೆಗೆದಿಟ್ಟು, ಹಿತ್ತಿಲಿಂದ ಬರೋ ಡಾಕ್ಟರನ್ನ ತಡೆದ ಹಾಗಾಯ್ತು. ನಿಜವಾಗಿ ಗೌಪ್ಯತೆ ಬೇಕಿದ್ರೆ, "ಈ ಆ್ಯಪ್ ನಿಮ್ಮ ಲೆಕ್ಕವನ್ನ ಇಂಥವರಿಗೆ ತೋರಿಸುತ್ತೆ, ಒಪ್ಪಿಗೆ ಇದೆಯಾ?" ಅಂತ ಒಂದು ಸಾಲು ಹಾಕಿ ಕೇಳಿದ್ರೆ ಸಾಕಿತ್ತು. ಕೇಳೋದು ಬಿಟ್ಟು ನಮ್ಮ ಪರವಾಗಿ ಅವರೇ "ಬೇಡ" ಅಂದುಬಿಟ್ರು.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಗೌಪ್ಯತೆ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟದ್ದು ನೆನಪಿದೆಯಲ್ಲ? ಕೇಸು ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ತೀರ್ಪನ್ನ ನಾನು ಅರ್ಥಮಾಡಿಕೊಂಡಿದ್ದು ಹೀಗೆ: ನನ್ನ ಮಾಹಿತಿ ಮೇಲೆ ಹತೋಟಿ ನನ್ನದು. ಮುಚ್ಚಿಡೋದೂ ಅದರಲ್ಲಿ ಸೇರುತ್ತೆ, ಬೇಕಾದವರಿಗೆ ಬಿಚ್ಚಿ ತೋರಿಸೋದೂ ಸೇರುತ್ತೆ.

ಎಐ ನಿಯಮದ ಬಗ್ಗೆ ನನಗೆ ಅರ್ಧ ಸಹಮತ ಇದೆ. ನನ್ನ ಎದೆಬಡಿತ ತಗೊಂಡು ಹೋಗಿ, ನನ್ನನ್ನ ಕೇಳದೆ ಯಾರೋ ಮಾದರಿ ತಯಾರಿಸೋದು ನನಗೂ ಬೇಡ. ಆದ್ರೆ ಅದೇ 2024ರಲ್ಲಿ ಸ್ಟ್ರಾವಾ ತನ್ನದೇ "ಅಥ್ಲೀಟ್ ಇಂಟೆಲಿಜೆನ್ಸ್" ಅನ್ನೋ ಎಐ ಸಲಹೆಗಾರನನ್ನ ಚಂದಾದಾರರ ಮುಂದೆ ತಂದು ನಿಲ್ಲಿಸಿತು. 2025ರ ಏಪ್ರಿಲ್‌ನಲ್ಲಿ, ಓಟದ ತರಬೇತಿ ಯೋಜನೆ ಮಾಡಿಕೊಡೋ ರನ್ನಾ ಅನ್ನೋ ಆ್ಯಪ್ಪನ್ನೇ ಕೊಂಡುಕೊಳ್ಳೋದಾಗಿ ಹೇಳಿತು. ಸರಿ, ವ್ಯಾಪಾರ ಮಾಡಲಿ, ಯಾರು ಬೇಡ ಅಂದ್ರು? ಪಕ್ಕದ ಅಂಗಡಿಗೆ ಸಾಮಾನು ಹೋಗದ ಹಾಗೆ ನೋಡಿಕೊಂಡು, ಆಮೇಲೆ ತಾನೇ ಆ ಅಂಗಡಿ ಇಡೋದನ್ನ ಗೌಪ್ಯತೆ ಅಂತ ಕರೀಬೇಡಿ ಅಂತಷ್ಟೇ ನನ್ನ ಕೋರಿಕೆ.

ತಮಾಷೆ ಇನ್ನೂ ಇದೆ. 2025ರಲ್ಲಿ ಗಾರ್ಮಿನ್ ಕಂಪನಿ ತನ್ನ ಕಿಟಕಿಗೂ ಹೊಸ ನಿಯಮ ತಂತು. ನಮ್ಮ ವಾಚಿನಿಂದ ಬಂದ ಪ್ರತಿ ಓಟದ ಮೇಲೂ ನಮ್ಮ ಹೆಸರು ಹಾಕಬೇಕು, ನವೆಂಬರ್ 1 ಗಡುವು ಅಂತ. ಸ್ಟ್ರಾವಾ ಕಿಡಿಕಿಡಿಯಾಯ್ತು. ಹೀಟ್‌ಮ್ಯಾಪ್ ಮತ್ತು ಸೆಗ್‌ಮೆಂಟುಗಳ ಪೇಟೆಂಟ್ ವಿಷಯ ಹಿಡಿದು ಸೆಪ್ಟೆಂಬರ್ ಕೊನೆಗೆ ಕೋರ್ಟಿಗೂ ಹೋಯ್ತು, ಅಕ್ಟೋಬರ್‌ನಲ್ಲೇ ಕೇಸು ವಾಪಸ್ ತಗೊಂಡಿತು. ಆಗ ಜನರ ಮುಂದೆ ಇಟ್ಟ ವಾದಗಳಲ್ಲಿ ಒಂದೇನು ಗೊತ್ತಾ? ವಾಚಿನಲ್ಲಿ ನೀವು ರೆಕಾರ್ಡ್ ಮಾಡಿದ್ದು ನಿಮ್ಮ ಡೇಟಾ, ವಾಚ್ ಕಂಪನಿಯದ್ದಲ್ಲ ಅಂತ! ಓದಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಅಣ್ಣಾ, ನಾವು ಹೇಳ್ತಿರೋದೂ ಅದನ್ನೇ ಅಲ್ವಾ?

"ಸರ್ವರ್ ನಡೆಸೋಕೆ ದುಡ್ಡು ಬೇಡ್ವಾ?" ಅಂತ ಕೇಳೋರಿದ್ದಾರೆ. ಖಂಡಿತ ಬೇಕು. ಕಿಟಕಿ ಬಳಸೋ ಆ್ಯಪ್‌ಗಳ ಹತ್ರ ಶುಲ್ಕ ತಗೊಳ್ಳಲಿ, ದಿನಕ್ಕೆ ಇಷ್ಟೇ ಸಲ ಅಂತ ಮಿತಿ ಹಾಕಲಿ. ಅದರ ಬಗ್ಗೆ ನನ್ನ ತಕರಾರಿಲ್ಲ. ನನ್ನ ನಾಡಿಯನ್ನ ನನ್ನ ಗುರು ನೋಡಬಹುದಾ ಇಲ್ಲವಾ ಅಂತ ತೀರ್ಮಾನ ಮಾಡೋ ಹಕ್ಕು ಆ ಬಾಡಿಗೆಯಲ್ಲಿ ಸೇರಿಲ್ಲ.

ಕನ್ನಡ ಬ್ಲಾಗಿಗರಾದ ನಮಗೆ ಇದು ಹೊಸ ಕಥೆ ಅನ್ನಿಸಬಾರದು. ಯೂನಿಕೋಡ್ ಬಳಕೆಗೆ ಬರೋ ಮುಂಚಿನ ಪಾಡು ನೆನಪಿಸಿಕೊಳ್ಳಿ. ಒಬ್ಬರು ನುಡಿಯಲ್ಲಿ ಟೈಪಿಸಿದ್ದು, ಇನ್ನೊಬ್ಬರು ಬರಹದಲ್ಲಿ, ಪತ್ರಿಕೆಯವರು ಶ್ರೀಲಿಪಿಯಲ್ಲಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದ್ರೆ ಚಿತ್ರವಿಚಿತ್ರ ಗುರುತುಗಳು. ಬರೆದಿದ್ದು ನಾವೇ, ಕನ್ನಡವೂ ನಮ್ಮದೇ, ಆದ್ರೂ ಓದಬೇಕಂದ್ರೆ ಒಂದು ತಂತ್ರಾಂಶದ ಮರ್ಜಿ ಕಾಯಬೇಕಿತ್ತು. ಯೂನಿಕೋಡ್ ಬಂದ ಮೇಲಲ್ಲವೇ ನಾವೆಲ್ಲ ಒಬ್ಬರನ್ನೊಬ್ಬರು ಓದೋಕಾಗಿದ್ದು? ಮೊಬೈಲ್ ನಂಬರಿನ ವಿಷಯವೂ ಅಷ್ಟೆ. 2011ರ ಜನವರಿ 20ರಂದು ದೇಶಪೂರ್ತಿ ನಂಬರ್ ಪೋರ್ಟಬಿಲಿಟಿ ಬಂತು, ಕಂಪನಿ ಬದಲಾದ್ರೂ ನಂಬರ್ ನಮ್ಮ ಹತ್ರವೇ ಉಳೀತು. ಅದು ಕಂಪನಿಗಳ ಔದಾರ್ಯದಿಂದ ಆಗಿದ್ದಲ್ಲ, ಸರ್ಕಾರದ ನಿಯಮದಿಂದ ಆಗಿದ್ದು.

ಇಲ್ಲೂ ಬೇಕಿರೋದು ಅಂಥದ್ದೇ ನಿಯಮ. ಯುರೋಪಿನಲ್ಲಿ 2018ರ ಮೇ 25ರಿಂದ ಜಿಡಿಪಿಆರ್ ಕಾಯ್ದೆ ಜಾರಿಯಲ್ಲಿದೆ. ನೀವು ಕೊಟ್ಟ ಮಾಹಿತಿಯನ್ನ ಯಂತ್ರ ಓದಬಲ್ಲ ರೂಪದಲ್ಲಿ ವಾಪಸ್ ಪಡೆಯುವ, ತಾಂತ್ರಿಕವಾಗಿ ಸಾಧ್ಯವಿದ್ರೆ ನೇರ ಇನ್ನೊಂದು ಕಂಪನಿಗೆ ಕಳಿಸಲು ಹೇಳುವ ಹಕ್ಕು ಅದರ 20ನೇ ವಿಧಿಯಲ್ಲಿದೆ. ನಮ್ಮಲ್ಲೂ ಈ ಹಕ್ಕು ಬಂದೇಬಿಟ್ಟಿತ್ತು! ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿಯ 2018ರ ಕರಡಿನಲ್ಲಿ ಇತ್ತು, ಸರ್ಕಾರದ 2019ರ ಮಸೂದೆಯಲ್ಲೂ ಇತ್ತು. 2022ರ ಹೊಸ ಕರಡಿನಲ್ಲಿ ಮಾಯ. 2023ರಲ್ಲಿ ಪಾಸಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ ಇಲ್ಲ. 2025ರ ನವೆಂಬರ್‌ನಲ್ಲಿ ನಿಯಮಾವಳಿಯೂ ಬಂತು, ಕಾಯ್ದೆಯಲ್ಲೇ ಇಲ್ಲದ ಹಕ್ಕು ಅದರಲ್ಲಿ ಎಲ್ಲಿಂದ ಬರಬೇಕು? ಬ್ಯಾಂಕಿನ ಲೆಕ್ಕವನ್ನ ನಮ್ಮ ಒಪ್ಪಿಗೆ ಮೇರೆಗೆ ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ದಾಟಿಸೋಕೆ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆ 2021ರಿಂದ ನಡೀತಿದೆ. ದುಡ್ಡಿನ ಲೆಕ್ಕಕ್ಕೆ ಆಗೋದು ಬೆವರಿನ ಲೆಕ್ಕಕ್ಕೆ ಯಾಕೆ ಆಗಲ್ಲ?

ಕಾಯ್ದೆ ಬರೋವರೆಗೆ ಕೈ ಕಟ್ಟಿ ಕೂರೋದು ಬೇಡ. ನನಗೆ ತಿಳಿದಷ್ಟು ಹೇಳ್ತೀನಿ:

1. ಫೋನಿನಲ್ಲೇ ರೆಕಾರ್ಡ್ ಮಾಡೋರು ಓಪನ್‌ಟ್ರ್ಯಾಕ್ಸ್ ನೋಡಿ. ಮುಕ್ತ ತಂತ್ರಾಂಶ, ಆಂಡ್ರಾಯ್ಡಿಗೆ. ಲೆಕ್ಕ ನಿಮ್ಮ ಫೋನಿನಲ್ಲೇ ಉಳಿಯುತ್ತೆ, ಜಿಪಿಎಕ್ಸ್ ಫೈಲ್ ಆಗಿ ತೆಗೆದು ಯಾರಿಗೆ ಬೇಕಾದ್ರೂ ಕಳಿಸಬಹುದು.

2. ವಾಚ್ ಇದ್ದೋರು ವಾಚ್ ಕಂಪನಿಯಿಂದ ನೇರವಾಗಿ ತರಬೇತಿ ಆ್ಯಪ್‌ಗೆ ಸಂಪರ್ಕ ಕೊಡಿ, ಮಧ್ಯವರ್ತಿ ಬೇಡ. (ನಾಳೆ ಅವರೂ ಕಿಟಕಿ ಹಾಕಬಹುದು, ಅದೂ ನೆನಪಿರಲಿ.)

3. ಸ್ಟ್ರಾವಾದ ವೆಬ್‌ಸೈಟಿನಲ್ಲಿ ನಿಮ್ಮ ಇಡೀ ಇತಿಹಾಸವನ್ನ ಒಟ್ಟಿಗೆ ಇಳಿಸಿಕೊಳ್ಳೋ ಸೌಲಭ್ಯ ಇದೆ. ಆರು ತಿಂಗಳಿಗೊಮ್ಮೆ ಇಳಿಸಿ ಪೆನ್‌ಡ್ರೈವಿನಲ್ಲಿ ಇಡಿ. ನನ್ನ ಹಾಗೆ ಮೋಸ ಹೋಗಬೇಡಿ.

4. ಕೋಚ್ ಆಗಿರೋರು ಗೋಲ್ಡನ್‌ಚೀಟಾ ನೋಡಬಹುದು. ಇದೂ ಮುಕ್ತ ತಂತ್ರಾಂಶ, ಸ್ವಂತ ಕಂಪ್ಯೂಟರಿನಲ್ಲೇ ನಡೆಯುತ್ತೆ. ಹುಡುಗರು ವಾಟ್ಸ್ಆ್ಯಪ್‌ನಲ್ಲಿ ಫೈಲ್ ಕಳಿಸಿದ್ರೂ ಸಾಕು, ಕಸುವು-ದಣಿವಿನ ಗೆರೆ ಬರುತ್ತೆ.

ಇವೆಲ್ಲ ತೇಪೆ ಕೆಲಸ ಅಂತ ನನಗೂ ಗೊತ್ತು. ದಿನಾ ಫೈಲ್ ತೆಗೆದು ಕಳಿಸೋ ತಾಳ್ಮೆ ಹದಿನೇಳರ ಹುಡುಗನಿಗೆ ಎಷ್ಟು ದಿನ ಇರುತ್ತೆ? ನಾಲ್ಕು ದಿನ ಕಳಿಸ್ತಾನೆ, ಐದನೇ ದಿನ ಮರೀತಾನೆ. "ನಾಳೆ ಓಡಬೇಡ" ಅನ್ನೋ ಆ ಫೋನು ಬರದೇ ಹೋಗೋದು ಹಾಗೇ. ಅದಕ್ಕೇ ಹೇಳ್ತಿರೋದು, ಈ ಹಕ್ಕು ಕಾಯ್ದೆಯಲ್ಲೇ ಬರಬೇಕು ಅಂತ.

ನಿಮ್ಮಲ್ಲಿ ಓಡೋರು, ಸೈಕಲ್ ತುಳಿಯೋರು, ಆ್ಯಪ್ ಬರೆಯೋರು ಎಲ್ಲಾ ಇದ್ದೀರಿ. ನಿಮ್ಮ ನಿಮ್ಮ ಬ್ಲಾಗಿನಲ್ಲೂ ಇದರ ಬಗ್ಗೆ ಬರೆಯಿರಿ, ಇಂಗ್ಲಿಷ್‌ನಲ್ಲಿ ಬೇಕಾದಷ್ಟು ಚರ್ಚೆ ಆಗಿದೆ, ಕನ್ನಡದಲ್ಲಿ ಕಾಣ್ತಿಲ್ಲ. ನಾನು ಹೇಳಿದ್ದರಲ್ಲಿ ತಪ್ಪಿದ್ರೆ ಕಾಮೆಂಟಿನಲ್ಲಿ ಬೈಯಿರಿ, ತಿದ್ದಿಕೊಳ್ತೀನಿ.

ಈಗ ಮಲಗ್ತೀನಿ, ಬೆಳಿಗ್ಗೆ ಐದಕ್ಕೆ ಏಳಬೇಕು. ಅಟ್ಟದಿಂದ ಆ ಹಳೇ ನೋಟ್‌ಬುಕ್ ಇಳಿಸಿದ್ದೀನಿ, ಹಿಂದೆ ಇನ್ನೂ ಹದಿನೈದಿಪ್ಪತ್ತು ಹಾಳೆ ಖಾಲಿ ಇವೆ. ನಾಳೆಯಿಂದ ಅದರಲ್ಲೂ ಬರೀತೀನಿ.

ಏನಂತೀರಿ?